ಮೂಗುತಿ ಧರಿಸುವ ಮುನ್ನ

ಹೆಣ್ಣುಮಕ್ಕಳ ಮೂಗು ಚುಚ್ಚಿಸಿ ಮೂಗುತಿ ಇಡುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಕಿವಿ ಚುಚ್ಚುವ ಪದ್ಧತಿ ಅದಕ್ಕಿಂತಲೂ ಪ್ರಾಚೀನವಾದುದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಕಿವಿ ಚುಚ್ಚುವ ವಿಧಿಯನ್ನು ವಿವರವಾಗಿ ಹೇಳುತ್ತದೆ. ಮಗುವಿನ ಕಿವಿಯ ಹಾಲೆಯನ್ನು ಬಿಸಿಲಿಗೆ ಹಿಡಿದು, ಬೆಳಕು ತೂರಿಬರುವ ಜಾಗವನ್ನು ಗುರುತಿಸಿ, ಅಲ್ಲಿಯೇ ನೇರವಾಗಿ ಚುಚ್ಚಬೇಕೆಂಬುದು ಅದರ ಸೂಚನೆ. ತಪ್ಪಿದರೆ ಜ್ವರ, ಊತ, ಕುತ್ತಿಗೆ ಸೆಟೆಯುವುದು, ಸೆಳೆತ ಮುಂತಾದ ತೊಂದರೆಗಳು ಬರುತ್ತವೆಂದೂ ಅದು ಎಚ್ಚರಿಸುತ್ತದೆ. ಇವುಗಳಲ್ಲಿ ಕೆಲವು ಇಂದು ನಾವು ಧನುರ್ವಾಯು ಎಂದು ಕರೆಯುವ ರೋಗದ ಲಕ್ಷಣಗಳನ್ನು ಹೋಲುತ್ತವೆ. ಒಡವೆಗಾಗಿ ಮಾಡುವ ಸಣ್ಣ ರಂಧ್ರವೂ ಗಾಯವೇ ಎಂಬ ಅರಿವು ನಮ್ಮ ಪ್ರಾಚೀನರಿಗೆ ಇತ್ತು.

ಉಡುಪಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಭಟ್ಕಳ ತಾಲ್ಲೂಕಿಗೆ ತಾಗಿಕೊಂಡಿರುವ ಶಿರೂರಿನಂತಹ ಕರಾವಳಿಯ ಊರುಗಳಲ್ಲಿ ಈ ಕೆಲಸ ಪರಂಪರೆಯಿಂದ ಅಕ್ಕಸಾಲಿಗರ ಪಾಲಿನದು. ಈಗ ಓದಿಗಾಗಿ, ಉದ್ಯೋಗಕ್ಕಾಗಿ ಮಣಿಪಾಲ, ಮಂಗಳೂರು, ಬೆಂಗಳೂರುಗಳಿಗೆ ಹೋದ ಮಕ್ಕಳು ಇದಕ್ಕೆಂದೇ ಇರುವ ಸ್ಟುಡಿಯೋಗಳಲ್ಲಿ ಮೂಗು, ಹುಬ್ಬು ಚುಚ್ಚಿಸಿಕೊಂಡು ಮನೆಗೆ ಬರುತ್ತಾರೆ. ಹಿರಿಯರು ಸ್ಟುಡಿಯೋವನ್ನು ಸಂದೇಹಿಸುತ್ತಾರೆ, ಕಿರಿಯರು ಅಕ್ಕಸಾಲಿಗರನ್ನು ಸಂದೇಹಿಸುತ್ತಾರೆ. ಯಾರು ಚುಚ್ಚಿದರು ಎಂಬುದಕ್ಕಿಂತ ಯಾವುದರಿಂದ, ಹೇಗೆ ಚುಚ್ಚಿದರು ಮತ್ತು ಅನಂತರ ಹೇಗೆ ಕಾಪಾಡಿಕೊಂಡರು ಎಂಬುದೇ ಇಲ್ಲಿ ಮುಖ್ಯವೆಂದು ನಾವು ಭಾವಿಸುತ್ತೇವೆ.

ಮೂಗಿನ ಗಾಯಕ್ಕೆ ವಿಶೇಷ ಎಚ್ಚರ ಏಕೆ?

ಕಿವಿಯ ಹಾಲೆ ಮೃದುವಾದ ಮಾಂಸದಿಂದಾದುದು. ಅಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಗಾಯವು ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಮಾಯುತ್ತದೆ. ಮೂಗಿನ ಹೊಳ್ಳೆಯ ಮೇಲ್ಭಾಗದಲ್ಲಿ ಮೃದ್ವಸ್ಥಿ ಇರುತ್ತದೆ. ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಸುತ್ತಲಿನ ಪೊರೆಯಿಂದಲೇ ಅದು ಪೋಷಣೆ ಪಡೆಯುತ್ತದೆ. ಆದುದರಿಂದ ಅಲ್ಲಿನ ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕು ಹತ್ತಿದರೆ ಔಷಧವೂ ನಿಧಾನವಾಗಿ ತಲುಪುತ್ತದೆ. ಮೂಗಿನ ರಂಧ್ರ ಪೂರ್ಣವಾಗಿ ಮಾಯಲು 4ರಿಂದ 6 ತಿಂಗಳು ಬೇಕಾಗಬಹುದು. ಹೊರಚರ್ಮ ಮೊದಲು ಕೂಡಿಕೊಳ್ಳುವುದರಿಂದ, ಒಳಗೆ ಹಸಿಯಿದ್ದರೂ ಮಾಯಿತೆಂಬ ಭ್ರಮೆ ಹುಟ್ಟುತ್ತದೆ.

ಮತ್ತೊಂದು ಕಾರಣವಿದೆ. ಮೂಗಿನ ಮೇಲ್ಭಾಗದಿಂದ ಬಾಯಿಯ ಎರಡು ಅಂಚುಗಳವರೆಗಿನ ತ್ರಿಕೋನಾಕಾರದ ಪ್ರದೇಶದ ಅಭಿಧಮನಿಗಳು ಕಣ್ಣಿನ ಹಿಂಭಾಗದ ಮೂಲಕ ತಲೆಯೊಳಗಿನ ರಕ್ತನಾಳಗಳೊಡನೆ ಸಂಪರ್ಕ ಹೊಂದಿವೆ. ಅಲ್ಲಿನ ತೀವ್ರ ಸೋಂಕು ಮಿದುಳಿನವರೆಗೆ ಹರಡುವುದು ಬಹಳ ಅಪರೂಪ, ಆದರೆ ಅಸಾಧ್ಯವಲ್ಲ. ಮೂಗಿನ ಮೇಲಿನ ಕೀವನ್ನು ಹಿಸುಕಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಮೂರು ವಿಧಾನಗಳು

ಅಕ್ಕಸಾಲಿಗರು ತೆಳುವಾದ ಚಿನ್ನದ ತಂತಿಯ ತುದಿಯನ್ನು ಚೂಪು ಮಾಡಿ, ಅದರಿಂದಲೇ ಚುಚ್ಚಿ ಸುತ್ತಿಬಿಡುವುದುಂಟು. ಕೈ ಪಳಗಿದವರಾದರೆ ಅಂಗಾಂಶಕ್ಕೆ ಆಗುವ ಪೆಟ್ಟು ಕಡಿಮೆ. ಇದರ ಕೊರತೆಯೆಂದರೆ ಶುದ್ಧೀಕರಣ. ತಂತಿಯನ್ನು ದೀಪಕ್ಕೆ ಹಿಡಿಯುವುದು, ಸ್ಪಿರಿಟ್‌ನಿಂದ ಒರೆಸುವುದು ಸಾಲದು.

ಕೆಲವು ಬ್ಯೂಟಿ ಪಾರ್ಲರ್‌ಗಳಲ್ಲಿ ಬಳಸುವ ಗನ್, ಮೊಂಡಾದ ಹರಳುಕಡ್ಡಿಯನ್ನು ಸ್ಪ್ರಿಂಗಿನ ರಭಸದಿಂದ ಒಳನುಗ್ಗಿಸುತ್ತದೆ. ಅದು ಅಂಗಾಂಶವನ್ನು ಜಜ್ಜುತ್ತದೆ. ಅದರ ಪ್ಲಾಸ್ಟಿಕ್ ಭಾಗಗಳನ್ನು ಹಬೆಯಲ್ಲಿ ಶುದ್ಧೀಕರಿಸುವುದು ಸಾಮಾನ್ಯವಾಗಿ ಸಾಧ್ಯವಾಗದು. ಮೂಗಿಗೆ ಗನ್ ಬೇಡವೆಂಬುದು ನಮ್ಮ ಸ್ಪಷ್ಟ ಸಲಹೆ.

ಒಳ್ಳೆಯ ಸ್ಟುಡಿಯೋಗಳಲ್ಲಿ ಒಮ್ಮೆ ಮಾತ್ರ ಬಳಸುವ, ಒಳಗೆ ಟೊಳ್ಳಾದ ಚೂಪು ಸೂಜಿಯಿಂದ ಚುಚ್ಚುತ್ತಾರೆ. ಉಳಿದ ಉಪಕರಣಗಳನ್ನು ಆಟೋಕ್ಲೇವ್ ಯಂತ್ರದಲ್ಲಿ ಶುದ್ಧಗೊಳಿಸುತ್ತಾರೆ. ಇದರ ತತ್ತ್ವ ನಮ್ಮ ಅಡುಗೆಮನೆಯ ಕುಕ್ಕರಿನದೇ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಆ ಶಾಖದಲ್ಲಿ ಅನೇಕ ರೋಗಾಣುಗಳು ಸತ್ತರೂ ಧನುರ್ವಾಯುವಿನ ಬೀಜಕಗಳು ಉಳಿಯಬಲ್ಲವು. ಒತ್ತಡದಲ್ಲಿಟ್ಟ ಹಬೆಯನ್ನು 121 ಡಿಗ್ರಿಗೆ ಏರಿಸಿ 15 ನಿಮಿಷ ಇರಿಸಿದರೆ ಅವೂ ನಾಶವಾಗುತ್ತವೆ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು ಎಂಬುದನ್ನು ನೆನೆದರೆ ಈ ಶಿಸ್ತಿನ ಅಗತ್ಯ ಮನದಟ್ಟಾಗುತ್ತದೆ.

ಚುಚ್ಚಿಸುವ ಮೊದಲು ಕೇಳಬೇಕಾದುದು

1. ಸೂಜಿ ಮುಚ್ಚಿದ ಪೊಟ್ಟಣದಲ್ಲಿದೆಯೇ? ಅದನ್ನು ನಮ್ಮ ಕಣ್ಣೆದುರಿಗೇ ತೆರೆಯುವರೇ?
2. ಕೈ ತೊಳೆದು ಹೊಸ ಕೈಗವಸು ಧರಿಸುವರೇ?
3. ಉಪಕರಣಗಳನ್ನು ಆಟೋಕ್ಲೇವ್ ಮಾಡಿದ್ದಾರೆಯೇ?
4. ಒಡವೆ ಯಾವ ಲೋಹದ್ದು?
5. ತೊಂದರೆಯಾದರೆ ಮತ್ತೆ ಬಂದು ತೋರಿಸಬಹುದೇ?

ಇವನ್ನು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಸಿಡುಕುವವರಲ್ಲಿ ಮೂಗನ್ನು ಒಪ್ಪಿಸಬೇಕಾಗಿಲ್ಲ. ಅಕ್ಕಸಾಲಿಗರಲ್ಲಿಯೂ ಇವೇ ಪ್ರಶ್ನೆಗಳನ್ನು ವಿನಯದಿಂದ ಕೇಳಬಹುದು. ತನ್ನ ಕಾಯಕವನ್ನು ಗೌರವಿಸುವವನು ಅದರ ಶುದ್ಧಿಯ ಬಗ್ಗೆ ಕೇಳಿದರೆ ಮುನಿಯುವುದಿಲ್ಲ.

ಲೋಹದ ವಿಷಯದಲ್ಲಿ, ನಿಕ್ಕಲ್ ಬೆರೆತ ಅಗ್ಗದ ಒಡವೆ ಹಲವರಿಗೆ ತುರಿಕೆ, ಕೆಂಪು ಉಂಟುಮಾಡುತ್ತದೆ. ಹೊಸ ಗಾಯಕ್ಕೆ ವೈದ್ಯಕೀಯ ದರ್ಜೆಯ ಟೈಟಾನಿಯಂ ಉತ್ತಮ. ನಿಕ್ಕಲ್ ಇಲ್ಲದ 14 ಅಥವಾ 18 ಕ್ಯಾರೆಟ್ ಚಿನ್ನವೂ ಆಗಬಹುದು. ಮನೆಯ ಹಳೆಯ ಮೂಗುತಿಯನ್ನು ಗಾಯ ಪೂರ್ತಿ ಮಾಯ್ದ ಮೇಲೆ ಇಡುವುದು ಲೇಸು.

ಧನುರ್ವಾಯುವಿನ ಲಸಿಕೆಯನ್ನು 10 ಮತ್ತು 16ನೆಯ ವಯಸ್ಸಿನಲ್ಲಿ ಸರ್ಕಾರದ ವತಿಯಿಂದ ನೀಡಲಾಗುತ್ತದೆ. ಅದು ಆಗಿದೆಯೇ ಎಂದು ನೋಡಿಕೊಳ್ಳಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಹೃದಯದ ಕವಾಟದ ತೊಂದರೆಯುಳ್ಳವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಗಾಯದ ಕಲೆ ಗಂಟಿನಂತೆ ಬೆಳೆಯುವ ಸ್ವಭಾವವುಳ್ಳವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಗರ್ಭಿಣಿಯರು ಹೆರಿಗೆಯ ನಂತರಕ್ಕೆ ಮುಂದೂಡುವುದು ಒಳ್ಳೆಯದು. ಎಡ ಮೂಗು ಚುಚ್ಚಿಸಿದರೆ ಹೆರಿಗೆ ಸುಲಭವಾಗುತ್ತದೆಂಬ ನಂಬಿಕೆಗೆ ವೈದ್ಯಕೀಯ ಆಧಾರವಿಲ್ಲ; ಯಾವ ಬದಿಯಾದರೂ ಆಗಬಹುದು.

ಮದುವೆಯ ಅವಸರ

ಲಗ್ನಕ್ಕೆ ಎಂಟು ದಿನವಿರುವಾಗ ಮಗಳನ್ನು ಮೂಗು ಚುಚ್ಚಿಸಲು ಕರೆದೊಯ್ಯುವುದನ್ನು ನಾವು ಕಾಣುತ್ತೇವೆ. ಊತವಿಳಿಯದ ಮೂಗಿಗೆ ಭಾರವಾದ ನತ್ತು, ಅದರ ಮೇಲೆ ಮೇಕಪ್ಪು, ಬೆವರು. ಹಸಿ ಗಾಯ ಕೆಡಲು ಇಷ್ಟು ಸಾಕು. ಮುಹೂರ್ತ ನೋಡುವುದಕ್ಕಿಂತ ಗಾಯ ಮಾಯುವ ಕಾಲವನ್ನು ಲೆಕ್ಕಹಾಕುವುದು ವಿವೇಕ. ಮದುವೆಗೆ 6 ತಿಂಗಳು ಮೊದಲೇ ಚುಚ್ಚಿಸಬೇಕು. ಅಷ್ಟು ಸಮಯವಿಲ್ಲದಿದ್ದರೆ ಒತ್ತಿ ಸಿಕ್ಕಿಸುವ ಮೂಗುತಿ ದೊರೆಯುತ್ತದೆ. ಅಂದಿನ ಮಟ್ಟಿಗೆ ಅದು ಸಾಕು. ಮಗಳಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಸಲ್ಲದು.

ಆರೈಕೆ

ದಿನಕ್ಕೆ ಎರಡು ಬಾರಿ, ಸೋಪಿನಿಂದ ಕೈ ತೊಳೆದು, ಔಷಧದಂಗಡಿಯಲ್ಲಿ ದೊರೆಯುವ ನಾರ್ಮಲ್ ಸಲೈನ್‌ನಲ್ಲಿ ಅದ್ದಿದ ಶುದ್ಧ ಗಾಜ್ ಬಟ್ಟೆಯಿಂದ ಗಾಯದ ಸುತ್ತ ಒರೆಸಬೇಕು. ಕಟ್ಟಿದ ಹಕ್ಕಳೆಯನ್ನು ಉಗುರಿನಿಂದ ಕೀಳಬಾರದು, ಒಡವೆಯನ್ನು ತಿರುಗಿಸುತ್ತಿರಬಾರದು. ಅರಿಸಿನ, ಕೊಬ್ಬರಿಎಣ್ಣೆ, ಡೆಟಾಲ್ ಯಾವುದೂ ಬೇಡ. ವಿಭೂತಿಯ ಸ್ಥಾನ ಹಣೆ. ತೆರೆದ ಗಾಯಕ್ಕೆ ಅದನ್ನು ಔಷಧವೆಂದು ಹಚ್ಚುವುದು ಬೇಡ.

ಕಡಲನೀರು ಉಪ್ಪಾದುದರಿಂದ ಗಾಯಕ್ಕೆ ಒಳ್ಳೆಯದೆಂಬ ಮಾತು ಕರಾವಳಿಯಲ್ಲಿ ಕೇಳಿಬರುತ್ತದೆ. ಸಲೈನ್‌ನಲ್ಲಿ ಉಪ್ಪು ಶೇಕಡ 0.9 ಮಾತ್ರ, ಕಡಲಲ್ಲಿ ಸುಮಾರು ಶೇಕಡ 3.5. ಅಲ್ಲದೆ ಕಡಲಿನಲ್ಲಿ ರೋಗಾಣುಗಳೂ ಇವೆ. ಗಾಯ ಮಾಯುವವರೆಗೆ ಕಡಲು, ಹೊಳೆ, ಕೆರೆಗಳಲ್ಲಿ ಮುಳುಗುವುದನ್ನು ಬಿಡಬೇಕು. ಮೀನು ಸ್ವಚ್ಛಗೊಳಿಸಿದ ಕೈಯಿಂದ ಮೂಗು ಮುಟ್ಟಬಾರದು. ಮಳೆಗಾಲದಲ್ಲಿ ಟವೆಲು ಸರಿಯಾಗಿ ಒಣಗದು. ಆಗ ಗಾಯವನ್ನು ಶುದ್ಧ ಕಾಗದದ ಟಿಶ್ಯೂವಿನಿಂದ ಒತ್ತಿ ಒಣಗಿಸುವುದು ಮೇಲು.

ಯಾವಾಗ ವೈದ್ಯರ ಬಳಿಗೆ?

ಮೊದಲ ಕೆಲವು ದಿನ ಸ್ವಲ್ಪ ನೋವು, ಕೆಂಪು, ತಿಳಿಯಾದ ಒಸರು ಸಹಜ. ಕೆಂಪು ಹರಡುತ್ತಿದ್ದರೆ, ಹಳದಿ ಅಥವಾ ಹಸಿರು ಕೀವು ಬಂದರೆ, ಮಿಡಿಯುವ ನೋವು ಹೆಚ್ಚಿದರೆ, ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕಣ್ಣಿನ ಸುತ್ತ ಊದಿಕೊಂಡರೆ, ತೀವ್ರ ತಲೆನೋವು ಬಂದರೆ, ದೃಷ್ಟಿ ಮಂಜಾದರೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಸೋಂಕಾಯಿತೆಂದು ಒಡವೆಯನ್ನು ತಾವೇ ತೆಗೆಯಬಾರದು. ರಂಧ್ರ ಮುಚ್ಚಿ ಕೀವು ಒಳಗೇ ಉಳಿಯಬಹುದು. ಅದನ್ನು ವೈದ್ಯರ ತೀರ್ಮಾನಕ್ಕೆ ಬಿಡಬೇಕು.

ಶರಣರು ಕಾಯವನ್ನು ತಿರಸ್ಕರಿಸಲಿಲ್ಲ. ಅದನ್ನು ದೇವರ ನೆಲೆಯೆಂದು ಕಂಡರು. ಆ ಕಾಯಕ್ಕೆ ಒಡವೆ ಬೇಕೇ ಬೇಡವೇ ಎಂಬುದು ಅವರವರ ಇಚ್ಛೆ. ಇಡುವುದಾದರೆ ಶುದ್ಧವಾದ ಸೂಜಿ, ಶುದ್ಧವಾದ ಕೈ, ಆರು ತಿಂಗಳ ತಾಳ್ಮೆ ಇವು ಮೂರನ್ನೂ ಮೊದಲೇ ಹೊಂದಿಸಿಕೊಳ್ಳಬೇಕೆಂದು ಭಕ್ತರಲ್ಲಿ ನಮ್ಮ ವಿನಂತಿ.