ಗಾಜಿನ ತೊಟ್ಟಿಯಲ್ಲಿ ಮೀನುಗಳ ಕಲಹ

ಮನೆಯ ಚಾವಡಿಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ನಮ್ಮ ಊರುಗಳಲ್ಲಿಯೂ ಹಬ್ಬಿದೆ. ಹೆಬ್ಬೆರಳುದ್ದದ ಆಸ್ಕರ್ ಮರಿಗಳು ಅಂಗಡಿಯ ತೊಟ್ಟಿಯೊಂದರಲ್ಲಿ ಹತ್ತಾರು ಕೂಡಿ ಸ್ನೇಹದಿಂದ ಈಜುತ್ತಿರುವುದನ್ನು ಕಂಡ ಬಾಲಕನು ನಾಲ್ಕೋ ಆರೋ ಮರಿಗಳನ್ನು ಮನೆಗೆ ತರುತ್ತಾನೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಒಂದರ ಬಾಲ ಹರಿದಿರುತ್ತದೆ. ಇನ್ನೊಂದರ ಕಣ್ಣು ಹೋಗಿರುತ್ತದೆ. ಮೂರನೆಯದು ಒಂದು ಮುಂಜಾನೆ ಸತ್ತು ತೇಲುತ್ತಿರುತ್ತದೆ. “ಇದು ದುಷ್ಟಜಾತಿಯ ಮೀನು” ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಮೀನಿನ ಸ್ವಭಾವವನ್ನೂ ತೊಟ್ಟಿಯ ಅಳತೆಯನ್ನೂ ಒಟ್ಟಿಗೆ ವಿಚಾರಿಸಿ ನೋಡಿದರೆ ಈ ತೀರ್ಮಾನವು ನಿಲ್ಲಲಾರದು.

ಆಸ್ಕರ್ ಮೀನು ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದುದು. ಪ್ರಾಣಿಶಾಸ್ತ್ರಜ್ಞರು ಈ ಕುಟುಂಬದಲ್ಲಿ 1,700ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಿರುವರು. ಅವುಗಳಲ್ಲಿ ಹೆಚ್ಚಿನವು ಆಫ್ರಿಕಾ, ಮಧ್ಯ ಅಮೇರಿಕ ಮತ್ತು ದಕ್ಷಿಣ ಅಮೇರಿಕಗಳ ನದಿ ಸರೋವರಗಳಲ್ಲಿ ವಾಸಿಸುವುವು. ಆಸ್ಕರ್ ಅಮೆಜಾನ್ ನದಿಯ ಪ್ರದೇಶದ್ದು. ‘ರೆಡ್ ಡೆವಿಲ್’ ಎಂಬುದು ನಿಕರಾಗುವಾ ದೇಶದ ಸರೋವರಗಳದು. ‘ಫ್ಲವರ್‌ಹಾರ್ನ್’ ಎಂಬ ನೆತ್ತಿಯುಬ್ಬಿದ ಮೀನು ಯಾವ ನದಿಯದೂ ಅಲ್ಲ. ಅಮೇರಿಕದ ಸಿಕ್ಲಿಡ್‌ಗಳನ್ನು ಬೆರಸಿ 1990ರ ದಶಕದಲ್ಲಿ ಮಲೇಶಿಯಾದಲ್ಲಿ ಪಡೆದ ಮಿಶ್ರತಳಿಯದು. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಹಿನ್ನೀರಿನ ಕರಿಮೀನನ್ನು ಕಾಸರಗೋಡಿನ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಕೇರಳ ಸರಕಾರವು 2010ರಲ್ಲಿ ಅದನ್ನು ರಾಜ್ಯದ ಮೀನೆಂದು ಸಾರಿತು. ಪಳ್ಳತ್ತಿ ಎರಡನೆಯದು. ಮೂರನೆಯದು ದಕ್ಷಿಣ ಕನ್ನಡದ ನದಿಗಳಲ್ಲಿ ಕಾಣುವುದು. ಅದರ ಶಾಸ್ತ್ರೀಯ ನಾಮವಾದ ‘ಎಟ್ರೋಪ್ಲಸ್ ಕೆನರೆನ್ಸಿಸ್’ ಎಂಬುದರಲ್ಲಿ ಕೆನರಾ ಎಂಬ ಹಳೆಯ ಹೆಸರೇ ಅಡಗಿದೆ.

ಇವು ಜಗಳವಾಡುವುದೇತಕ್ಕೆ? ಬಹುಪಾಲು ಮೀನುಗಳು ಮೊಟ್ಟೆಯಿಟ್ಟು ತಮ್ಮ ದಾರಿ ಹಿಡಿದು ಹೋಗುವುವು. ಸಿಕ್ಲಿಡ್‌ಗಳು ಹಾಗಲ್ಲ. ಆಸ್ಕರ್ ದಂಪತಿಗಳು ಚಪ್ಪಟೆಯಾದ ಒಂದು ಕಲ್ಲನ್ನು ಆರಿಸಿ, ಬಾಯಿಯಿಂದ ಅದನ್ನು ಉಜ್ಜಿ ಶುಚಿಗೊಳಿಸಿ, ಅದರ ಮೇಲೆ ಮೊಟ್ಟೆಗಳನ್ನಿಡುವುವು. ರೆಕ್ಕೆಗಳಿಂದ ನೀರನ್ನು ಬೀಸುತ್ತ ಅವನ್ನು ಕಾಯುವುವು. ಮರಿಗಳು ಹೊರಬಂದ ಮೇಲೂ ಕೆಲವು ವಾರ ತಾಯಿತಂದೆಗಳೆರಡೂ ಕಾವಲಿರುವುವು. ನಮ್ಮ ಕರಿಮೀನಿನ ಸಂಸಾರವೂ ಇದೇ ರೀತಿಯದು. ಕಾಯಬೇಕಾದ ಮಕ್ಕಳಿದ್ದ ಮೇಲೆ ಕಾಯಲು ಒಂದು ನೆಲೆಯೂ ಬೇಕಷ್ಟೆ. ಆ ನೆಲೆಯೊಳಕ್ಕೆ ಕಾಲಿಟ್ಟ, ಅಲ್ಲ, ರೆಕ್ಕೆಯಿಟ್ಟ ಅನ್ಯನನ್ನು ಹೊರದೂಡುವ ಬುದ್ಧಿ ಹುಟ್ಟಿನಿಂದಲೇ ಬಂದುದು.

ಈ ಹೊರದೂಡುವಿಕೆಗೂ ಒಂದು ಕ್ರಮವುಂಟು. ಮೊದಲು ಬಣ್ಣವು ಗಾಢವಾಗುವುದು. ಅನಂತರ ಎರಡು ಮೀನುಗಳೂ ಪಕ್ಕಕ್ಕೆ ಪಕ್ಕವಾಗಿ ನಿಂತು ರೆಕ್ಕೆಗಳನ್ನು ಬಿಚ್ಚಿ, ಕಿವಿರಿನ ಮುಚ್ಚಳಗಳನ್ನು ಉಬ್ಬಿಸಿ, ಬಾಲದಿಂದ ಒಂದರತ್ತ ಒಂದು ನೀರನ್ನು ಅಪ್ಪಳಿಸುವುವು. ಅಷ್ಟಕ್ಕೂ ಯಾವುದೂ ಮಣಿಯದಿದ್ದರೆ ಬಾಯಿಗೆ ಬಾಯಿ ಕಚ್ಚಿ ಜಗ್ಗಾಡುವುವು. ಮಧ್ಯ ಅಮೇರಿಕದ ಒಂದು ಸಿಕ್ಲಿಡ್‌ಗೆ 1919ರಿಂದ 1926ರವರೆಗೆ ಜಗಜಟ್ಟಿಯಾಗಿದ್ದ ಮುಷ್ಟಿಕಾಳಗದ ವೀರ ಜ್ಯಾಕ್ ಡೆಂಪ್ಸಿಯ ಹೆಸರನ್ನೇ ಇಟ್ಟಿರುವುದು ಸುಮ್ಮನೆ ಅಲ್ಲ. ಆದರೂ ನದಿಯಲ್ಲಿ ಇಂತಹ ಕಾಳಗದಿಂದ ಸಾವು ಸಂಭವಿಸುವುದು ಅಪರೂಪ. ಸೋತ ಮೀನು ಬಣ್ಣ ಕುಗ್ಗಿಸಿ ಕೆಲವು ಮಾರು ದೂರ ಸರಿದರೆ ಸಾಕು, ಗೆದ್ದುದು ಹಿಂದಿರುಗುವುದು. ಗಾಜಿನ ತೊಟ್ಟಿಯಲ್ಲಿ ಆ ಕೆಲವು ಮಾರು ದೂರವೇ ಇಲ್ಲ. ಸೋತುದು ಮೂಲೆಗೆ ಓಡಿದರೂ ಗೆದ್ದುದರ ಕಣ್ಣಿಗೆ ಅದು ಇನ್ನೂ ತನ್ನ ಸೀಮೆಯೊಳಗೇ ನಿಂತಿರುವ ಶತ್ರು. ಆದುದರಿಂದ ಹೊಡೆತ ನಿಲ್ಲುವುದಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಆಸ್ಟ್ರಿಯಾದ ವಿಜ್ಞಾನಿ ಕೋನ್ರಾಡ್ ಲೊರೆಂಟ್ಸ್ (1973ರಲ್ಲಿ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡವರು) 1963ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಸಿಕ್ಲಿಡ್ ದಂಪತಿಗಳ ವಿಷಯವನ್ನು ಎತ್ತಿಕೊಂಡಿರುವರು. ನೆರೆಯ ಮೀನುಗಳನ್ನೆಲ್ಲ ತೆಗೆದು ದಂಪತಿಗಳನ್ನು ಮಾತ್ರ ಉಳಿಸಿದರೆ, ಹೊರಗಿನ ಶತ್ರುವಿಲ್ಲದ ಗಂಡು ತನ್ನ ಹೆಣ್ಣಿನ ಮೇಲೆಯೇ ತಿರುಗಿಬೀಳಬಹುದು. ಹೀಗಾಗಿ ‘ಎರಡೇ ಇರಲಿ, ಸುಖವಾಗಿರುವುವು’ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಅನುಭವಿಗಳಾದ ಸಾಕಣೆದಾರರು ತೊಟ್ಟಿಯ ನಡುವೆ ಪಾರದರ್ಶಕವಾದ ತೆರೆಯನ್ನಿಳಿಸಿ ಆಚೆಗೊಂದು ಮೀನನ್ನು ಬಿಡುವುದುಂಟು. ಗಂಡು ಗಾಜಿನ ಮೂಲಕ ಅದರ ಮೇಲೆ ರೋಷವನ್ನು ತೀರಿಸಿಕೊಳ್ಳುವುದು, ಹೆಣ್ಣು ಬದುಕಿಕೊಳ್ಳುವುದು.

ಈಗ ಸ್ವಲ್ಪ ಗಣಿತ. ಅಂಗಡಿಯಲ್ಲಿ ಆಸ್ಕರ್ ಮರಿಯ ಉದ್ದ ಸುಮಾರು 5 ಸೆಂಟಿಮೀಟರ್. ಒಳ್ಳೆಯ ಆಹಾರ ದೊರೆತರೆ ಒಂದು ವರ್ಷದಲ್ಲಿಯೇ ಅದು 25 ಸೆಂಟಿಮೀಟರಿನ ಸಮೀಪಕ್ಕೆ ಬರುವುದು. ಮುಂದೆ 30 ಮುಟ್ಟುವುದು. ಉದ್ದ ಆರು ಪಾಲಾಯಿತೆಂದು ತೂಕವೂ ಆರು ಪಾಲಾಗುವುದೇ? ಇಲ್ಲ. ಉದ್ದದೊಡನೆ ಅಗಲವೂ ದಪ್ಪವೂ ಬೆಳೆಯುವುದರಿಂದ 6 × 6 × 6, ಅಂದರೆ ಸುಮಾರು 216 ಪಾಲು! ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯು ಎರಡು ಘನ ಅಡಿ, ಸುಮಾರು 56 ಲೀಟರು. ಒಂದಡಿಯೆಂದರೆ 30 ಸೆಂಟಿಮೀಟರು. ಬೆಳೆದ ಆಸ್ಕರ್ ಒಂದೇ ಇದ್ದರೂ ಇಂತಹ ತೊಟ್ಟಿಯಲ್ಲಿ ನೆಟ್ಟಗೆ ತಿರುಗಿ ನಿಲ್ಲಲಾರದು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 255 ಲೀಟರು ಹಿಡಿಯುವುದು. ಅದು ಒಂದು ಆಸ್ಕರಿಗೆ ತಕ್ಕುದು. ತಳದ ವಿಸ್ತೀರ್ಣವನ್ನೂ ಲೆಕ್ಕಮಾಡಿರಿ: ಸಣ್ಣದರಲ್ಲಿ ಎರಡು ಚದರಡಿ, ದೊಡ್ಡದರಲ್ಲಿ ಆರು. ಸೀಮೆಗಾಗಿ ಹೋರಾಡುವ ಮೀನಿಗೆ ಎತ್ತರಕ್ಕಿಂತ ತಳವೇ ಮುಖ್ಯ. ಆಸ್ಕರ್ ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲುದು. ಐದನೆಯ ತರಗತಿಯ ಬಾಲಕನು ಕೊಂಡ ಮರಿ ಅವನು ಕಾಲೇಜು ಮುಗಿಸುವಾಗಲೂ ಮನೆಯಲ್ಲಿರುವುದು. ಕೊಳ್ಳುವ ಮೊದಲು ತಂದೆತಾಯಂದಿರು ಕೇಳಬೇಕಾದುದು ಮರಿಯ ಬೆಲೆಯನ್ನಲ್ಲ, ಪೂರ್ಣ ಬೆಳೆದ ಮೀನಿನ ಉದ್ದವನ್ನು.

ಕಿಕ್ಕಿರಿಯುವಿಕೆಯಿಂದ ಜಗಳ ಹೆಚ್ಚುವುದಷ್ಟೇ ಅಲ್ಲ, ನೀರೂ ಕೆಡುವುದು. ಮೀನುಗಳು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುವುವು. ತಿನ್ನದೆ ಉಳಿದ ಆಹಾರವೂ ಕೊಳೆತು ಅದನ್ನೇ ಕೊಡುವುದು. ಶೋಧಕದಲ್ಲಿ ನೆಲಸಿದ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟಾಗಿಯೂ, ಬೇರೆ ಬ್ಯಾಕ್ಟೀರಿಯಗಳು ನೈಟ್ರೈಟನ್ನು ಅಷ್ಟು ಅಪಾಯಕರವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವುವು. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಹಿಡಿಯಬಹುದು. ಮೀನುಗಳು ಮಿತಿಮೀರಿದರೆ ಇವುಗಳ ಕೆಲಸ ಸಾಲದಾಗುವುದು. ಬೇಸಗೆಯಲ್ಲಿ ನೀರಿನ ಆಮ್ಲಜನಕ ಕಡಮೆಯಾಗಿ ಅಮೋನಿಯದ ವಿಷ ಏರುವುದರಿಂದ ಸಂಕಟ ಇಮ್ಮಡಿ. ಕಚ್ಚಿಸಿಕೊಂಡ ಗಾಯ ಮಾಯುವುದಿಲ್ಲ. ವಾರಕ್ಕೊಮ್ಮೆ ಕಾಲುಭಾಗ ಅಥವಾ ಮೂರನೆಯ ಒಂದು ಭಾಗ ನೀರನ್ನು ಬದಲಿಸತಕ್ಕದ್ದು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನಗಳಲ್ಲಿ ಆ ನೀರನ್ನು ನೇರವಾಗಿ ತೊಟ್ಟಿಗೆ ಸುರಿಯಬಾರದು.

ಹಾಗಾದರೆ ಕೆಲವರು ‘ಮೀನು ಹೆಚ್ಚಿಸಿದರೆ ಜಗಳ ಕಡಮೆ’ ಎನ್ನುವರಲ್ಲ? ಅದರಲ್ಲಿ ಸತ್ಯಾಂಶವುಂಟು. ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ನಡುವೆ ವಾಸಿಸುವ, ಗೇಣುದ್ದಕ್ಕಿಂತ ಚಿಕ್ಕದಾದ ‘ಎಂಬೂನಾ’ ಎಂಬ ಸಿಕ್ಲಿಡ್‌ಗಳನ್ನು ಎರಡು ಮೂರು ಮಾತ್ರ ಇಟ್ಟರೆ ಬಲಿಷ್ಠವಾದುದು ದುರ್ಬಲವಾದುದನ್ನು ಕೊಲ್ಲುವುದು. ಹದಿನೈದು ಇಪ್ಪತ್ತನ್ನು ದೊಡ್ಡ ತೊಟ್ಟಿಯಲ್ಲಿ ಕೂಡಿಟ್ಟರೆ ಏಟುಗಳು ಎಲ್ಲರಿಗೂ ಹಂಚಿಹೋಗುವುವು. ಈ ಉಪಾಯವನ್ನು ಒಂದಡಿ ಬೆಳೆಯುವ ಆಸ್ಕರಿಗೋ ರೆಡ್ ಡೆವಿಲ್‌ಗೋ ಅನ್ವಯಿಸಿದರೆ ಮೇಲೆ ಹೇಳಿದ ಗಣಿತವೇ ಅಡ್ಡ ಬರುವುದು. ಅಂಗಡಿಯ ತೊಟ್ಟಿಯ ಶಾಂತಿಯೂ ಮರಿಗಳ ಎಳೆತನದ ಶಾಂತಿಯಷ್ಟೆ.

ಕಲಹ ಈಗಾಗಲೇ ಆರಂಭವಾಗಿದ್ದರೆ ಹಿಂಸೆಗೊಳಗಾದ ಮೀನನ್ನಲ್ಲ, ಸಾಧ್ಯವಾದರೆ ಹಿಂಸಿಸುವ ಮೀನನ್ನು ಮೊದಲು ತೆಗೆದು ನಾಲ್ಕೈದು ದಿನ ಬೇರೆ ಪಾತ್ರೆಯಲ್ಲಿಡಿರಿ. ಅಷ್ಟರಲ್ಲಿ ತೊಟ್ಟಿಯ ಕಲ್ಲುಗಳನ್ನೂ ಮಣ್ಣಿನ ಕುಂಡಗಳನ್ನೂ ಬೇರೆ ಬೇರೆ ಕಡೆಗೆ ಸರಿಸಿರಿ. ಹಿಂದಿರುಗಿದ ಮೀನಿಗೆ ತನ್ನ ಹಳೆಯ ಸೀಮೆ ಗುರುತು ಸಿಗುವುದಿಲ್ಲ. ಕಲ್ಲುಗಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆ ಕಾಣದಂತೆ ಜೋಡಿಸಬೇಕು. ಕಣ್ಣಿಗೆ ಬೀಳದ ಶತ್ರುವನ್ನು ಅಟ್ಟಿಹೋಗುವ ಮೀನಿಲ್ಲ. ಆದರೆ ಅವನ್ನು ತಳದ ಮೇಲೆ ಭದ್ರವಾಗಿ ಕೂರಿಸಬೇಕು. ಸಿಕ್ಲಿಡ್‌ಗಳು ಮರಳನ್ನು ಅಗೆಯುವುದರಿಂದ ಸಡಿಲ ಕಲ್ಲು ಉರುಳಿ ಗಾಜೊಡೆದೀತು. ಹೊಸ ಮೀನನ್ನು ಬಿಡುವುದಾದರೆ ಸಂಜೆ, ದೀಪವಾರಿಸಿದ ಮೇಲೆ ಬಿಡಿರಿ. ಗಾತ್ರದಲ್ಲಿ ಸಮಾನವೂ ರೂಪದಲ್ಲಿ ಭಿನ್ನವೂ ಆದುದನ್ನು ಆರಿಸಿರಿ. ಫ್ಲವರ್‌ಹಾರ್ನ್ ಮೀನಿಗೆ ಮಾತ್ರ ಜೊತೆಗಾರನನ್ನು ಹುಡುಕುವ ಗೋಜಿಗೇ ಹೋಗಬಾರದು. ಒಂಟಿಯಾಗಿರುವುದೇ ಅದಕ್ಕೆ ಮೇಲು.

ಇಷ್ಟಾದರೂ ಹೊಂದದ ಮೀನನ್ನು ಏನು ಮಾಡುವುದು? ‘ಕೆರೆಗೆ ಬಿಟ್ಟರೆ ಬದುಕಿಕೊಂಡೀತು’ ಎಂಬ ಕರುಣೆಯು ಅಪಾಯಕಾರಿ. ಆಫ್ರಿಕಾದ ಸಿಕ್ಲಿಡ್ ಆದ ತಿಲಾಪಿಯವನ್ನು 1952ರಲ್ಲಿ ಆಹಾರಕ್ಕೆಂದು ಭಾರತಕ್ಕೆ ತಂದರು. ಅದು ದಕ್ಷಿಣದ ಕೆರೆ ಜಲಾಶಯಗಳಲ್ಲೆಲ್ಲ ಹಬ್ಬಿ ಸ್ಥಳೀಯ ಮೀನುಗಳ ಆಹಾರಕ್ಕೂ ನೆಲೆಗೂ ಪೈಪೋಟಿಯಾಯಿತು. ಮರಿಗಳನ್ನು ತಾನೇ ಕಾಯಬಲ್ಲ ಮೀನು ಹೊಸ ನೀರಿನಲ್ಲಿ ಎಷ್ಟು ಬೇಗ ಬೇರೂರುವುದೆಂಬುದಕ್ಕೆ ಇದೇ ನಿದರ್ಶನ. ಕೊಂಡ ಅಂಗಡಿಗೆ ಹಿಂದಿರುಗಿಸಿರಿ. ಅಲ್ಲಿ ಒಪ್ಪದಿದ್ದರೆ ದೊಡ್ಡ ತೊಟ್ಟಿಯುಳ್ಳ ಸಾಕಣೆದಾರರನ್ನು ವಿಚಾರಿಸಿರಿ. ಅಲ್ಲಿಯವರೆಗೆ ತೂತುಗಳುಳ್ಳ ತೆರೆಯೊಂದನ್ನು ತೊಟ್ಟಿಯ ನಡುವೆ ಇಳಿಸಿ ಅದನ್ನು ಆಚೆಗೆ ಇಟ್ಟುಕೊಳ್ಳಬಹುದು.