ಕಂಬ ಹತ್ತುವವನ ಹಿಂದೆ ಸಂಘ: ಲಾಭ ಎಷ್ಟು, ನಷ್ಟ ಎಷ್ಟು?

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಬಸ್ಸಲ್ಲಿ ಹೋದವರು ನೋಡಿರ್ತೀರಿ, ದಾರಿಯುದ್ದಕ್ಕೂ ಕಂಬ, ತಂತಿ, ಹೊಲದ ಬದುವಿನಲ್ಲಿ ಟಿಸಿ. ಮಳೆ ಕಮ್ಮಿ ಇರೋ ಸೀಮೆ ಇದು. ಬೆಳೆಗೆ ಬೋರ್‌ವೆಲ್ ಗತಿ, ಬೋರ್‌ವೆಲ್‌ಗೆ ಕರೆಂಟ್ ಗತಿ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳೂ ಅದೇ ತಂತಿಯನ್ನು ನಂಬಿವೆ. ಆ ತಂತಿ ರಿಪೇರಿ ಮಾಡುವವನಿಗೆ ಸಂಘ ಇದ್ದರೆ ಒಳ್ಳೆಯದಾ, ಇಲ್ಲದಿದ್ದರೆ ಒಳ್ಳೆಯದಾ? ನಾಳೆ ನಾವೇ ಜೆಇ, ಎಇ ಆಗಿ ಅವನ ಎದುರು ಕೂರುವವರು. ಹಾಗಾಗಿ ಈ ಲೆಕ್ಕ ನಮಗೂ ಬೇಕು.

ಮೂರು ಬಗೆಯ ಎಲೆಕ್ಟ್ರಿಷಿಯನ್

ಮೊದಲನೆಯವನು ಬೆಸ್ಕಾಂನ ಕಾಯಂ ಪವರ್‌ಮ್ಯಾನ್. ಚಿತ್ರದುರ್ಗ ಜಿಲ್ಲೆ ಬೆಸ್ಕಾಂ ವ್ಯಾಪ್ತಿಗೆ ಬರುತ್ತದೆ. 2024ರಲ್ಲಿ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳು ಕಿರಿಯ ಸ್ಟೇಷನ್ ಪರಿಚಾರಕ, ಕಿರಿಯ ಪವರ್‌ಮ್ಯಾನ್ ಸೇರಿ 2,975 ಹುದ್ದೆಗೆ ಅರ್ಜಿ ಕರೆದಾಗ ವಿದ್ಯಾರ್ಹತೆ ಎಸ್‌ಎಸ್‌ಎಲ್‌ಸಿ. ಜೊತೆಗೆ 8 ಮೀಟರ್ ಕಂಬ ಹತ್ತಿ ತೋರಿಸಬೇಕಿತ್ತು.

ಎರಡನೆಯವನು ಗುತ್ತಿಗೆದಾರನ ಗ್ಯಾಂಗಿನಲ್ಲಿ ಕಂಬ ನೆಟ್ಟು ತಂತಿ ಎಳೆಯುವವನು. ಮೂರನೆಯವನು ಮನೆ ವೈರಿಂಗ್, ಮೋಟರ್ ರಿವೈಂಡಿಂಗ್ ಮಾಡಿಕೊಂಡಿರುವ ಸ್ವಂತ ಕೆಲಸಗಾರ. ಮೂವರ ಕೈಯಲ್ಲೂ ಅದೇ ಟೆಸ್ಟರ್, ಅದೇ ಕಟಿಂಗ್ ಪ್ಲೈಯರ್. ಆದರೆ ಸಂಘದ ಬಲ ಮೂವರಿಗೂ ಒಂದೇ ಅಲ್ಲ.

ಲಾಭದ ಕಡೆ

ಮೊದಲನೆಯದು ಸಂಬಳ. ಕಾಯಂ ನೌಕರರಿಗೆ ಕೆಪಿಟಿಸಿಎಲ್ ನೌಕರರ ಸಂಘ ಇದೆ. ಎಲ್ಲರೂ ಅದನ್ನು ನೋಂದಣಿ ಸಂಖ್ಯೆಯಿಂದಲೇ '659' ಅಂತ ಗುರುತಿಸುತ್ತಾರೆ. 2023ರ ಮಾರ್ಚ್‌ನಲ್ಲಿ ವೇತನ ಪರಿಷ್ಕರಣೆಗಾಗಿ ನೌಕರರು ಮುಷ್ಕರಕ್ಕೆ ಸಜ್ಜಾದಾಗ, ಅದು ಶುರುವಾಗುವ ಮೊದಲೇ ಸರ್ಕಾರ ಶೇ. 20ರಷ್ಟು ಹೆಚ್ಚಳ ಘೋಷಿಸಿತು. ಒಬ್ಬೊಬ್ಬರೇ ಹೋಗಿ ಸಾಹೇಬರ ಮುಂದೆ ನಿಂತಿದ್ದರೆ ಇದು ಆಗ್ತಿತ್ತಾ?

ಎರಡನೆಯದು ಜೀವ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಲೈನ್ ಮೇಲೆ ಕೆಲಸ ಮಾಡುವ ಮುಂಚೆ 'ಲೈನ್ ಕ್ಲಿಯರ್' ತಗೋಬೇಕು. ಅಂದರೆ ಸಬ್‌ಸ್ಟೇಷನ್‌ನಲ್ಲಿ ಬ್ರೇಕರ್ ತೆಗೆದು, ಲೈನನ್ನು ಬೇರ್ಪಡಿಸಿ, ಅರ್ಥ್ ಮಾಡಿ, ಲಿಖಿತ ಅನುಮತಿ ಕೊಡಬೇಕು. ಕಂಬದ ಹತ್ತಿರ ಮತ್ತೆ ಪರೀಕ್ಷೆ ಮಾಡಿ, ಕೆಲಸದ ಜಾಗದ ಎರಡೂ ಕಡೆ ಅರ್ಥ್ ರಾಡ್ ಹಾಕಬೇಕು. ಬ್ರೇಕರ್ ತೆಗೆದ ಮೇಲೂ ಅರ್ಥ್ ಯಾಕೆ? ನಮ್ಮ ಟ್ರಾನ್ಸ್‌ಫಾರ್ಮರ್ ಪಾಠ ಇಲ್ಲಿ ಕೆಲಸಕ್ಕೆ ಬರುತ್ತೆ. 11,000/433 ವೋಲ್ಟ್ ಟಿಸಿ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ಯಾರೋ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಚ್ಚಿದರೆ, ಮನೆ ಕಡೆಯ 230 ವೋಲ್ಟ್ ಆ ಕಡೆಗೆ ಲೆಕ್ಕದಲ್ಲಿ 10,000 ವೋಲ್ಟ್ ಹತ್ತಿರ ಆಗಿಬಿಡುತ್ತೆ. 'ಸತ್ತ' ಲೈನ್ ಎದ್ದು ಕೂರುತ್ತದೆ.

ರೈತರು ಸುತ್ತ ನಿಂತು "ಬೇಗ ಹತ್ತಪ್ಪ, ಶೇಂಗಾ ಒಣಗ್ತಾ ಐತೆ" ಅಂತಿರುವಾಗ, "ಲೈನ್ ಕ್ಲಿಯರ್ ಇಲ್ದೆ ಹತ್ತಲ್ಲ" ಅನ್ನೋಕೆ ಧೈರ್ಯ ಬೇಕು. ಹಿಂದೆ ಸಂಘ ಇದ್ದವನಿಗೆ ಆ ಧೈರ್ಯ ಸುಲಭವಾಗಿ ಬರುತ್ತದೆ. ಅಮೆರಿಕದ ಎಲೆಕ್ಟ್ರಿಷಿಯನ್ನರ ದೊಡ್ಡ ಸಂಘ ಐಬಿಇಡಬ್ಲ್ಯು 1891ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದ್ದಕ್ಕೂ ಲೈನ್‌ಮನ್‌ಗಳ ಸಾಲು ಸಾಲು ಸಾವುಗಳು ಒಂದು ಮುಖ್ಯ ಕಾರಣ.

ಮೂರನೆಯದು ಕಾಗದಪತ್ರ. ಕಟ್ಟಡಗಳಲ್ಲಿ ವೈರಿಂಗ್ ಮಾಡುವವನೂ ಕಟ್ಟಡ ಕಾರ್ಮಿಕನೇ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಆ 90 ದಿನದ ದೃಢೀಕರಣವನ್ನು ಮಾಲೀಕ ಅಥವಾ ಗುತ್ತಿಗೆದಾರನ ಜೊತೆಗೆ ನೋಂದಾಯಿತ ಕಾರ್ಮಿಕ ಸಂಘವೂ ಕೊಡಬಹುದು. ದಿನಕ್ಕೊಂದು ಮನೆಯಲ್ಲಿ ಕೆಲಸ ಮಾಡುವವನಿಗೆ ಇದು ಸಣ್ಣ ವಿಷಯ ಅಲ್ಲ.

ನಷ್ಟದ ಕಡೆ

ಚಂದಾ ಕಟ್ಟಬೇಕು, ಸಭೆಗೆ ಹೋಗಬೇಕು. ಮುಷ್ಕರ ಆದರೆ ಆ ದಿನಗಳ ಸಂಬಳ ಹೋಗಬಹುದು. ವಿದ್ಯುತ್ ಅಗತ್ಯ ಸೇವೆ ಆಗಿರೋದರಿಂದ ಎಸ್ಮಾ ಭಯ ಬೇರೆ. ಫೀಡರ್ ಕೆಟ್ಟು ನಿಂತರೆ ಮೊದಲು ಒಣಗೋದು ಪಕ್ಕದ ಊರಿನ ರೈತನ ಹೊಲ. ಅವನ ಸಿಟ್ಟು ತಿರುಗೋದು ಕಂಬದ ಕೆಳಗೆ ಸಿಕ್ಕಿದ ಪವರ್‌ಮ್ಯಾನ್ ಮೇಲೆ. ಸೇವಾ ಹಿರಿತನಕ್ಕೆ ಹೆಚ್ಚು ಬೆಲೆ ಬಂದಾಗ, ಕೆಲಸದಲ್ಲಿ ಚುರುಕಾದ ಹುಡುಗನಿಗೆ 'ನಾನು ಯಾಕೆ ಕಾಯಬೇಕು?' ಅನಿಸುವುದೂ ಸಹಜ. ಸಂಘದ ಚುನಾವಣೆ ಬಂದರೆ ಒಳಗೇ ಎರಡು ಗುಂಪು.

ನಮ್ಮ ಮಟ್ಟಿಗೆ ದೊಡ್ಡ ಕೊರತೆ ಇನ್ನೊಂದು. ಕಾಯಂ ನೌಕರನ ಸಂಘಕ್ಕೆ ಇರುವ ಬಲ, ಅದೇ ಕಂಬದ ಮೇಲೆ ಪಕ್ಕದಲ್ಲೇ ಕೆಲಸ ಮಾಡುವ ಗ್ಯಾಂಗಿನ ಹುಡುಗನಿಗೆ ಸಿಗಲ್ಲ. ಅವನ ಗುತ್ತಿಗೆದಾರ ಬದಲಾಗುತ್ತಾನೆ, ಊರು ಬದಲಾಗುತ್ತದೆ. ಸಂಘ ಕಟ್ಟೋಕೆ ಒಂದು ಕಡೆ ನಿಲ್ಲುವುದೇ ಕಷ್ಟ. ಕಾನೂನಿನ ಬಾಗಿಲಂತೂ ಮುಚ್ಚಿಲ್ಲ. 7 ಮಂದಿ ಸೇರಿ ನೋಂದಣಿಗೆ ಅರ್ಜಿ ಹಾಕಬಹುದು. ಆದರೆ ಆ ಸಂಸ್ಥೆ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ. 10 ಅಥವಾ 100 ಮಂದಿ, ಯಾವುದು ಕಮ್ಮಿಯೋ ಅಷ್ಟು ಸದಸ್ಯರಿರಬೇಕು.

ನಮಗೇನು ಪಾಠ?

ಕೂಡಿಸಿ ಕಳೆದರೆ ನಮಗೆ ಕಂಡದ್ದು ಇಷ್ಟು. ಚಂದಾ, ಸಭೆ, ಗುಂಪುಗಾರಿಕೆ ಇವು ಸಹಿಸಬಹುದಾದ ನಷ್ಟ. ಹತ್ತಬಾರದ ಕಂಬ ಹತ್ತಿದ್ದರಿಂದ ಆಗುವ ನಷ್ಟ ಯಾವ ಪರಿಹಾರದಲ್ಲೂ ತುಂಬಲ್ಲ. ಆದ್ದರಿಂದ ಸಂಘ ಇರಲಿ. ಗುತ್ತಿಗೆಯವರನ್ನೂ ಒಳಗೆ ಕರೆದುಕೊಳ್ಳುವ ಸಂಘ ಆಗಲಿ.

ನಮ್ಮ ಪಾಲಿನ ಕೆಲಸವೂ ಇದೆ. ಎಂಜಿನಿಯರುಗಳಿಗೆ ಬೇರೆ ಸಂಘ ಇದೆ, ಬೇರೆ ಕೋಣೆ, ಬೇರೆ ಕುರ್ಚಿ ಇದೆ. ಆದರೆ ಲೈನ್ ಕ್ಲಿಯರ್ ವಿಷಯದಲ್ಲಿ ನಾಳೆ ಮಾತು ನಡೆಯೋದು ನಮ್ಮದೇ. "ಹತ್ತು ನಿಮಿಷದ ಕೆಲಸ, ಹಂಗೇ ಮಾಡಿಬಿಡು" ಅಂತ ಫೋನಿನಲ್ಲಿ ನಾವು ಹೇಳದಿದ್ದರೆ, ಸಂಘ ಇಲ್ಲದವನೂ ಸಂಜೆ ಮನೆಗೆ ಹೋಗುತ್ತಾನೆ.