ಉಪ್ಪುನೀರಿನ ಹುಳಿ-ಕ್ಷಾರ ವಿಚಾರ: ಗಜನಿ ಜಮೀನಿನಲ್ಲಿ ಸೀಗಡಿ ಸಾಕುವವರಿಗೆ

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿಯ ಅಳಿವೆಯ ದಂಡೆಗಳ ಮೇಲೆ ಗಜನಿ ಎಂದು ಕರೆಯಲ್ಪಡುವ ಜಮೀನುಗಳಿರುವುವು. ಮಳೆಗಾಲದಲ್ಲಿ ಉಪ್ಪನ್ನು ಸಹಿಸತಕ್ಕ ಕಗ್ಗ ಭತ್ತವನ್ನು ಬೆಳೆಯುವುದೂ, ಕೊಯ್ಲಾದ ಮೇಲೆ ತೂಬಿನ ಮೂಲಕ ಭರತದ ನೀರನ್ನು ಬಿಟ್ಟುಕೊಂಡು ಮೀನು ಸೀಗಡಿಗಳನ್ನು ಹಿಡಿಯುವುದೂ ಇಲ್ಲಿ ಪೂರ್ವದಿಂದ ನಡೆದುಬಂದ ಪದ್ಧತಿ. ಈಚಿನ ದಶಕಗಳಲ್ಲಿ ಕೆಲವರು ಕೊಳ ಕಟ್ಟಿ, ಮರಿ ಬಿಟ್ಟು, ಆಹಾರ ಹಾಕಿ ಸೀಗಡಿಯನ್ನು ಸಾಕುತ್ತಿರುವರು. ನೀರು ತಾನಾಗಿ ಬಂದು ಹೋಗುತ್ತಿದ್ದ ಗಜನಿಯಲ್ಲಿ ಅಷ್ಟಾಗಿ ಬಾಧಿಸದ ತೊಂದರೆಯೊಂದು ನಿಂತ ನೀರಿನ ಕೊಳದಲ್ಲಿ ತಲೆದೋರುವುದು. ಅದು ನೀರಿನ ಹುಳಿ-ಕ್ಷಾರಗಳ ಏರಿಳಿತ.

ಇದನ್ನು ಅಳೆಯುವ ಮಾನಕ್ಕೆ ಪಿ.ಎಚ್. ಎಂದು ಹೆಸರು, ಕನ್ನಡದಲ್ಲಿ ರಸಸಾರವೆನ್ನುವರು. 1909ರಲ್ಲಿ ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೋರೆನ್ಸನ್ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ಏರ್ಪಡಿಸಿದರು. 7 ಎಂಬುದು ಸಮಸ್ಥಿತಿ. ಅದಕ್ಕೆ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದು ಅಂಕೆ ಇಳಿದರೆ ಹುಳಿಯು ಹತ್ತು ಪಾಲು ಹೆಚ್ಚಿತೆಂದು ತಿಳಿಯತಕ್ಕದ್ದು. ಸಮುದ್ರದ ನೀರು ಸಾಮಾನ್ಯವಾಗಿ 8.1ರ ಆಸುಪಾಸಿನಲ್ಲಿರುವುದು. ಸೀಗಡಿ ಕೊಳಕ್ಕೆ 7.5ರಿಂದ 8.5ರವರೆಗೆ ಹಿತಕರ; ಒಂದೇ ದಿನದಲ್ಲಿ ಅರ್ಧ ಅಂಕೆಗಿಂತ ಹೆಚ್ಚಿನ ವ್ಯತ್ಯಾಸವಾಗದಿರುವುದು ಮೇಲು.

ಆದರೆ ಒಂದು ಹೊತ್ತಿನ ಅಂಕೆಯನ್ನು ನೋಡಿ ಯಾವ ತೀರ್ಮಾನಕ್ಕೂ ಬರಲಾಗದು. ಹಗಲಿನಲ್ಲಿ ನೀರಿನ ಸೂಕ್ಷ್ಮ ಪಾಚಿಗಳು ಇಂಗಾಲಾಮ್ಲ ವಾಯುವನ್ನು ಹೀರಿಕೊಳ್ಳುವುದರಿಂದ ರಸಸಾರವು ಏರುತ್ತ ಹೋಗಿ ಮೂರು ನಾಲ್ಕು ಗಂಟೆಯ ಹೊತ್ತಿಗೆ ಅತ್ಯಧಿಕವಾಗುವುದು. ರಾತ್ರಿ ಪಾಚಿ, ಸೀಗಡಿ, ಕೆಸರು ಎಲ್ಲವೂ ಅದೇ ವಾಯುವನ್ನು ಹೊರಬಿಡುವುದರಿಂದ ಸೂರ್ಯೋದಯಕ್ಕೆ ಮುಂಚೆ ಅತ್ಯಂತ ಕಡಿಮೆಯಾಗುವುದು. ಆದಕಾರಣ ದಿನಕ್ಕೆ ಎರಡು ಬಾರಿ, ಬೆಳಕು ಹರಿಯುವ ಮೊದಲೂ ಮಧ್ಯಾಹ್ನ ಇಳಿದ ಮೇಲೂ, ಅಳೆದು ಬರೆದಿಡತಕ್ಕದ್ದು. ಹತ್ತು ಗಂಟೆಗೆ ನಿಧಾನವಾಗಿ ಕೊಳದ ಕಡೆಗೆ ಹೋಗುವ ಯಜಮಾನರ ಲೆಕ್ಕದಿಂದ ಪ್ರಯೋಜನ ಸ್ವಲ್ಪವೇ.

ಇಲ್ಲಿಯೇ ದೊಡ್ಡ ನಷ್ಟಕ್ಕೆ ದಾರಿಯಾಗುವುದುಂಟು. ಬೆಳಗ್ಗೆ ಅಂಕೆ ಇಳಿದುದನ್ನು ಕಂಡು ಗಾಬರಿಯಾಗಿ ಸುಟ್ಟ ಸುಣ್ಣವನ್ನು ಮರಿ ಬಿಟ್ಟ ಕೊಳಕ್ಕೆ ಸುರಿಯುತ್ತಾರೆ. ತಾನಾಗಿಯೇ ಏರಬೇಕಾದ ರಸಸಾರಕ್ಕೆ ಸುಣ್ಣದ ಬಲವೂ ಕೂಡಿ ಮಧ್ಯಾಹ್ನದಲ್ಲಿ 9ನ್ನು ಮುಟ್ಟುವುದು. ತಿಂದುಳಿದ ಆಹಾರ ಮತ್ತು ಮಲದಿಂದ ಹುಟ್ಟುವ ಅಮೋನಿಯಾ ಕೊಳದಲ್ಲಿ ಸದಾ ಇರುವುದಷ್ಟೆ. ನಮ್ಮ ಕರಾವಳಿಯ ಸೆಕೆಯಲ್ಲಿ, ರಸಸಾರವು 8 ಇರುವಾಗ ಅದರಲ್ಲಿ ವಿಷರೂಪದ್ದು ನೂರಕ್ಕೆ ಸುಮಾರು 5 ಪಾಲು ಮಾತ್ರ. 9ಕ್ಕೆ ಏರಿದರೆ ಮೂರರಲ್ಲೊಂದು ಪಾಲಿನಷ್ಟು ವಿಷವಾಗುವುದು. ರೋಗವಿಲ್ಲದೆ, ನೀರು ಕೆಡದೆ, ಸಂಜೆಯೊಳಗೆ ಸೀಗಡಿ ಸತ್ತು ತೇಲಿದರೆ ಜನರು ಮರಿ ಮಾರಿದವನನ್ನು ದೂಷಿಸುವರು. ಸುಣ್ಣದ ಚೀಲದ ಕಡೆಗೆ ಯಾರೂ ನೋಡುವುದಿಲ್ಲ.

ಹಾಗಾದರೆ ನೋಡಬೇಕಾದುದು ಯಾವುದು? ನೀರಿನಲ್ಲಿ ಹುಳಿಯನ್ನೂ ಕ್ಷಾರವನ್ನೂ ತಾಳಿಕೊಳ್ಳುವ ಲವಣಗಳಿರುವುವು. ಇವುಗಳ ಮೊತ್ತಕ್ಕೆ ಕ್ಷಾರೀಯತೆ ಎಂದು ಹೆಸರು. ಸಮುದ್ರದ ನೀರಿನಲ್ಲಿ ಇದು, ಸುಣ್ಣಕಲ್ಲಿನ ಲೆಕ್ಕದಲ್ಲಿ, ಲೀಟರಿಗೆ ಸುಮಾರು 115ರಿಂದ 120 ಮಿಲಿಗ್ರಾಂ. ಘಟ್ಟದಿಂದಿಳಿದು ಬರುವ ಹೊಳೆಯ ನೀರು ಮೆದುವಾದುದರಿಂದ ಇದಕ್ಕಿಂತ ಬಹಳ ಬಡವಾದುದು. ಕ್ಷಾರೀಯತೆ ಕುಂದಿದ ಕೊಳದಲ್ಲಿ ರಸಸಾರವು ಹಗಲು ಹಾರುವುದು, ರಾತ್ರಿ ಬೀಳುವುದು. ತುಂಬಿದ ಕೊಳದಲ್ಲಿ ಸ್ಥಿರವಾಗಿ ನಿಲ್ಲುವುದು. ಆದ್ದರಿಂದ ಭರತದ ಹೊಸ ನೀರನ್ನು ಬಿಡುವುದು ಮೊದಲನೆಯ ಔಷಧ. ಪಾಚಿ ಅತಿಯಾಗಿ ಹಸುರುಗಟ್ಟಿದ್ದರೆ ಆಹಾರವನ್ನು ಕಡಿಮೆ ಮಾಡತಕ್ಕದ್ದು.

ಅಳಿವೆಯಲ್ಲಿ ದೊರೆಯುವ ಬಳಚಿನ ಚಿಪ್ಪನ್ನು ಸುಡದೆ ಪುಡಿಮಾಡಿ ಹಾಕಬಹುದೇ ಎಂದು ಹಲವರು ಕೇಳುವರು. ಹಾಕಬಹುದು, ಆದರೆ ಚಿಪ್ಪು ಕರಗುವುದು ಹುಳಿಯಿದ್ದಲ್ಲಿ ಮಾತ್ರ. 8ಕ್ಕೆ ಮೇಲ್ಪಟ್ಟ ಉಪ್ಪುನೀರಿನಲ್ಲಿ ಅದು ಮರಳಿನಂತೆ ಬಿದ್ದಿರುವುದು. ಮನೆಯ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನು ಸಾಕುವವರು ಚಿಪ್ಪಿನ ಮರಳು ಹರಡಿ ನಿಶ್ಚಿಂತರಾಗುವುದೂ ಇದೇ ಕಾರಣದಿಂದ ಸರಿಯಲ್ಲ. ಅಂಥ ತೊಟ್ಟಿಗೆ ಅಡಿಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿ ಹಾಕುವುದು ಉತ್ತಮ. ಅದಕ್ಕೂ ಮುಂಚೆ ಒಂದು ಪಾತ್ರೆ ನೀರನ್ನು ಹೊರಗಿನ ಗಾಳಿಗೆ ಒಯ್ದು ಒಂದು ಗಂಟೆ ಗಾಳಿಗುಳ್ಳೆಗಳನ್ನು ಆಡಿಸಿ ಅಳೆಯಿರಿ. ಅಂಕೆ ಏರಿದರೆ ದೋಷವು ನೀರಿನದಲ್ಲ. ಮುಚ್ಚಿದ ಕೋಣೆಯಲ್ಲಿ ಕೂಡಿಕೊಂಡ ಇಂಗಾಲಾಮ್ಲ ವಾಯುವಿನದು. ಕಿಟಕಿ ತೆರೆದರೆ ಸಾಕು.

ಚಿಪ್ಪಿನ ಪುಡಿಗೆ ತಕ್ಕ ಸ್ಥಳವು ಕೊಳದ ತಳ. ಹಿಂದೆ ಕಾಂಡ್ಲಾ ಬೆಳೆದಿದ್ದ ನೆಲದ ಕಪ್ಪು ಕೆಸರಿನಲ್ಲಿ ಕಬ್ಬಿಣ ಮತ್ತು ಗಂಧಕಗಳು ಕೂಡಿಕೊಂಡಿರುವುದುಂಟು. ನೀರಿನಡಿಯಲ್ಲಿರುವವರೆಗೆ ಅದು ನಿರಪಾಯಕರ. ಬಿರುಕು ಬಿಡುವವರೆಗೆ ಒಣಗಿಸಿದರೆ ಗಾಳಿ ತಗುಲಿ ಗಂಧಕಾಮ್ಲವಾಗುವುದು. ಒಣಗಿದ ಹೆಂಟೆಯಲ್ಲಿ ಒಣಹುಲ್ಲಿನ ಬಣ್ಣದ ಹಳದಿ ಕಲೆಗಳೂ, ಕಾಲುವೆಯಲ್ಲಿ ತುಕ್ಕಿನ ಬಣ್ಣದ ನೀರೂ ಇದರ ಗುರುತು. ಇಂಥ ನೆಲದಲ್ಲಿ ಹೊಸ ಕೊಳ ತೋಡುವ ಮೊದಲು ಒಂದು ಮುಷ್ಟಿ ಕೆಸರನ್ನು ತೇವವಾಗಿರಿಸಿ ನೆರಳಿನಲ್ಲಿ ಕೆಲವು ವಾರ ಗಾಳಿಗಿಟ್ಟು ಪರೀಕ್ಷಿಸತಕ್ಕದ್ದು. ರಸಸಾರವು 4ಕ್ಕಿಂತ ಕೆಳಗಿಳಿದರೆ ಆ ಸ್ಥಳವನ್ನು ಬಿಡುವುದೇ ಲಾಭ. ಈಗಾಗಲೇ ತೋಡಿರುವ ಕೊಳವಾದರೆ ಅತಿಯಾಗಿ ಒಣಗಿಸದೆ, ನೀರು ತುಂಬಿ ಹೊರಬಿಡುವುದನ್ನು ಹಲವು ಬಾರಿ ಮಾಡಿ, ಮಣ್ಣಿನ ಪರೀಕ್ಷೆಯಂತೆ ಪುಡಿಯನ್ನು ತಳಕ್ಕೂ ಒಡ್ಡಿನ ಒಳಮೈಗೂ ಹರಡಿ, ಆಮೇಲೆ ಮರಿ ಬಿಡಬೇಕು.

ಒಡ್ಡನ್ನು ಮರೆಯುವವರೇ ಹೆಚ್ಚು. ಬೇಸಿಗೆಯೆಲ್ಲ ಒಣಗಿದ ಒಡ್ಡಿನ ಹುಳಿಯು ಮೊದಲ ಮಳೆಗೆ ತೊಳೆದು ಕೊಳಕ್ಕಿಳಿಯುವುದು. ಮೇ ಕಡೆಯಲ್ಲಿ ಕೊಳದಲ್ಲಿ ಇನ್ನೂ ಸೀಗಡಿಯಿದ್ದರೆ, ಮೋಡ ಕವಿದ ದಿನವೇ ಒಡ್ಡಿನ ಮೇಲೆ ಚಿಪ್ಪಿನ ಪುಡಿ ಎರಚಿ, ಮಳೆ ಬಂದ ಮಾರನೆಯ ಬೆಳಗ್ಗೆ ಒಡ್ಡಿನ ಬುಡದ ನೀರನ್ನೂ ನಡುಗೊಳದ ನೀರನ್ನೂ ಬೇರೆ ಬೇರೆಯಾಗಿ ಅಳೆಯತಕ್ಕದ್ದು.